ಸಾಕಮ್ಮನ ಕತೆ ಹೇಳುತ್ತಿದ್ದ ಮೇಡಂ

ಮೇಡಂ ತೀರಿಕೊಂಡರು ಎಂದು ಫೋನ್ ಬಂದಾಗ ನಾನು ಶಾಲೆಯಲ್ಲಿ ಮಕ್ಕಳಿಗೆ ಹಾಲು ಕೊಡಿಸುತ್ತಿದ್ದೆ. ನಿವೃತ್ತಿಯಾದ ಮೇಲೆ ಅವರು ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ಚಿಕ್ಕ ಬಾಡಿಗೆ ಮನೆಯಲ್ಲಿದ್ದರು. ಬೆಳಿಗ್ಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದರೆ ಎದ್ದಿರಲಿಲ್ಲವಂತೆ. ನಾನು ಹೋಗುವಷ್ಟರಲ್ಲಿ ಕೆ.ಆರ್. ಪೇಟೆಯಿಂದ ಅವರ ತಮ್ಮ ಬಂದು ಎಲ್ಲ ಏರ್ಪಾಟು ಮಾಡಿದ್ದರು. ಮೇಡಂ ಮದುವೆಯಾಗಿರಲಿಲ್ಲ. ಬಾಯಿ ಬಡಿದುಕೊಂಡು ಅಳುವವರು ಅಲ್ಲಿ ಯಾರೂ ಇರಲಿಲ್ಲ. ನನಗೂ ಅಳು ಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕೂತು, ಇವರ ಬಗ್ಗೆ ಯಾರಾದರೂ ಕೇಳಿದರೆ ಏನು ಹೇಳುವುದು ಎಂದು ಯೋಚಿಸಿದೆ. ಒಳ್ಳೆಯವರು ಎಂದರೆ ಸಾಲದು. ಒರಟು ಎಂದರೂ ಸರಿಯಾಗುವುದಿಲ್ಲ. ನಾನು ಕಂಡದ್ದನ್ನು ಕಂಡ ಹಾಗೆ ಹೇಳುವುದೇ ವಾಸಿ.

ನಾನು ನಾಗಮಂಗಲದವಳು. ಕೆಲಸ ಸಿಕ್ಕಿ ಮೊದಲು ಬಂದದ್ದು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ ಕಡೆಯ ಒಂದು ಊರಿನ ಶಾಲೆಗೆ. ಊರ ಸುತ್ತ ಕಬ್ಬಿನ ಗದ್ದೆ, ನಡುವೆ ಹಾಲಿನ ಡೈರಿ, ಡೈರಿಯ ಪಕ್ಕದಲ್ಲಿ ಶಾಲೆ. ಮೇಡಂ ಆಗಲೇ ಅಲ್ಲಿ ಹಳಬರು. ಮೂರನೇ ತರಗತಿ ಅವರದು. ಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಭಾಗಕ್ಕೆ ತಿರುಗಿಸಿ ಕಟ್ಟಿಕೊಳ್ಳುತ್ತಿದ್ದರು. ಮಧ್ಯಾಹ್ನ ಡಬ್ಬಿಯಲ್ಲಿ ತಂದ ಮುದ್ದೆಯನ್ನು ಚಮಚದಲ್ಲಿ ನಾಲ್ಕು ಭಾಗ ಮಾಡಿಕೊಂಡು, ಯಾರ ಜೊತೆಗೂ ಮಾತಾಡದೆ ಉಣ್ಣುತ್ತಿದ್ದರು. ಊಟ ಮುಗಿದ ಮೇಲೆಯೇ ಮಾತು.

ನಾನು ಸೇರಿದ ವಾರವೇ ಅವರ ತರಗತಿಯ ಬಾಗಿಲಲ್ಲಿ ನಿಂತು ಕೇಳಿದ ಪಾಠವೊಂದು ಇನ್ನೂ ಕಿವಿಯಲ್ಲಿದೆ. ಮನು ಎಂಬ ಹುಡುಗ ಹತ್ತು ರೂಪಾಯಿ ನೋಟು ತಂದಿದ್ದ. ಮೇಡಂ ಅದನ್ನು ಎತ್ತಿ ಹಿಡಿದು ಕೇಳಿದರು:

"ಇದು ಎಲ್ಲಿಂದ ಬಂತು?"

"ನಮ್ಮಪ್ಪನ ಜೇಬಿಂದ ಮಿಸ್."

"ಅಪ್ಪನ ಜೇಬಿಗೆ?"

"ಡೈರಿಯಿಂದ."

"ಡೈರಿಯವರು ಸುಮ್ನೆ ಕೊಟ್ರಾ?"

"ಇಲ್ಲ, ಹಾಲು ಹಾಕ್ತೀವಲ್ಲ. ನಮ್ ಎಮ್ಮೆ ಹಾಲು."

"ಎಮ್ಮೆಗೆ ಹುಲ್ಲು ಯಾರು ತತ್ತಾರೆ?"

"ಅವ್ವ."

"ಹಾಲು ಕರೆಯೋದು?"

"ಅವ್ವ."

"ಹಂಗಾದ್ರೆ ಅಪ್ಪನ ಜೇಬಲ್ಲಿ ಇದ್ದದ್ದು ಯಾರ ದುಡ್ಡು?"

ಮನು ತುಂಬಾ ಹೊತ್ತು ಯೋಚನೆ ಮಾಡಿ, "ಎಮ್ಮೇದು ಮಿಸ್" ಅಂದ.

ಇಡೀ ತರಗತಿ ನಕ್ಕಿತು. ಮೇಡಂ ಮಾತ್ರ ನಗಲಿಲ್ಲ. "ಅದೂ ಸರಿಯೇ. ಎಮ್ಮೇಗೂ ಪಾಲು ಅದೆ" ಎಂದು ನೋಟನ್ನು ಅವನ ಕೈಗೆ ವಾಪಸು ಕೊಟ್ಟರು.

ಮನುವಿನ ತಂದೆ ಶಾಲಾ ಸಮಿತಿಯ ಅಧ್ಯಕ್ಷರು. ಸಾಕಷ್ಟು ಗದ್ದೆ ಇದ್ದ ಮನೆತನ. ಮಾರನೆಯ ದಿನವೇ ಶಾಲೆಗೆ ಬಂದರು. ಮಗ ರಾತ್ರಿ ನೆಂಟರ ಮುಂದೆ, 'ಅಪ್ಪ, ಆ ದುಡ್ಡು ನಿಂದಲ್ಲ, ಅವ್ವಂದು, ಎಮ್ಮೇದು' ಅಂದುಬಿಟ್ಟಿದ್ದನಂತೆ.

"ಏನ್ ಮೇಡಂ ಇದು? ಒಂದ್ ಗೇಣುದ್ದ ಇಲ್ಲ, ಮನೇಲಿ ನನ್ನೇ ಲೆಕ್ಕ ಕೇಳ್ತಾನೆ!"

"ಲೆಕ್ಕ ತಾನೆ ಕೇಳಿದ್ದು, ದುಡ್ಡು ಕೇಳಿಲ್ವಲ್ಲ ಬಿಡಿ" ಎಂದರು ಮೇಡಂ. ಅಧ್ಯಕ್ಷರು ಟೀ ಕುಡಿದು ಹೋದರು. ಅವರೇನೂ ಕೆಟ್ಟವರಲ್ಲ. ಆದರೆ ಅವತ್ತಿನಿಂದ ಮೇಡಂ ಕಂಡರೆ ಅವರಿಗೆ ಸ್ವಲ್ಪ ಮುಜುಗರ.

ಮೇಡಂ ತಂದೆಗೆ ಕೆ.ಆರ್. ಪೇಟೆಯಲ್ಲಿ ಬಳೆ ಅಂಗಡಿ ಇತ್ತು. ಚಿಕ್ಕಂದಿನಲ್ಲಿ ಶಾಲೆಯಿಂದ ಬಂದವರು ನೇರ ಅಂಗಡಿಯಲ್ಲಿ ಕೂರಬೇಕಿತ್ತು. "ನಮ್ಮಪ್ಪ ನಂಗೊಂದು ಕತೆ ಹೇಳಿದೋರಲ್ಲ. ಬಂದ ಗಿರಾಕಿ ಹೋದ ಮೇಲೆ, 'ಇವಳು ಯಾಕೆ ತಗೊಳ್ಳಲಿಲ್ಲ, ಹೇಳು' ಅನ್ನೋರು. ನಾನು ಏನೇನೋ ಊಹೆ ಮಾಡಿ ಹೇಳಬೇಕಾಗಿತ್ತು. ಕತೆ ಕಟ್ಟೋದು ಕಲಿತದ್ದೇ ಅಲ್ಲಿ" ಎಂದು ಒಮ್ಮೆ ನನಗೆ ಹೇಳಿದ್ದರು.

ಅವರ ಕತೆಗಳಲ್ಲಿ ರಾಜ, ರಾಣಿ, ನರಿ ಯಾರೂ ಇರುತ್ತಿರಲಿಲ್ಲ. ಇದ್ದವಳು ಒಬ್ಬಳೇ, ಸಾಕಮ್ಮ. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸೀಬೆಹಣ್ಣು ಮಾರುವವಳು. ಶಾಲೆ ಶುರುವಾಗುವ ಜೂನ್‌ನಲ್ಲಿ ಅವಳ ಹತ್ತಿರ ಒಂದು ಬುಟ್ಟಿ ಮಾತ್ರ ಇರುತ್ತಿತ್ತು. ವರ್ಷ ಮುಗಿಯುವಷ್ಟರಲ್ಲಿ ತಳ್ಳುಗಾಡಿ ಕೊಳ್ಳಬೇಕು ಎಂಬುದು ಅವಳ ಆಸೆ. ದಿನವೂ ಮಧ್ಯಾಹ್ನದ ಊಟವಾದ ಮೇಲೆ ಅವಳ ಕತೆ ಸ್ವಲ್ಪ ಸ್ವಲ್ಪ ಮುಂದುವರಿಯುತ್ತಿತ್ತು. ಒಂದು ದಿನ ಮಳೆ ಬಂದು ಗಿರಾಕಿ ಇಲ್ಲ. ಇನ್ನೊಂದು ದಿನ ಪಕ್ಕದಲ್ಲೇ ಮತ್ತೊಬ್ಬಳು ಬುಟ್ಟಿ ಇಟ್ಟಳು. ಮತ್ತೊಂದು ದಿನ ಮಗನಿಗೆ ಜ್ವರ, ಕೂಡಿಟ್ಟದ್ದರಲ್ಲಿ ಅರ್ಧ ಔಷಧಿಗೆ ಹೋಯಿತು. ಇಂಥ ಕಡೆ ತಂದು ನಿಲ್ಲಿಸಿ, "ಈಗ ಸಾಕಮ್ಮ ಏನು ಮಾಡ್ಬೇಕು?" ಎಂದು ಮೇಡಂ ಸುಮ್ಮನಾಗಿಬಿಡುತ್ತಿದ್ದರು. ಆಮೇಲೆ ಗಲಾಟೆ ಎಲ್ಲ ಮಕ್ಕಳದೇ.

"ಹುಳ ಬಿದ್ದಿರೋ ಹಣ್ಣ ಬುಟ್ಟಿ ತಳಕ್ಕೆ ಹಾಕ್ಬುಟ್ರೆ ಆಯ್ತು ಮಿಸ್, ಯಾರ್ಗೂ ಗೊತ್ತಾಗಕ್ಕಿಲ್ಲ" ಎಂದು ಒಬ್ಬ.

"ಇವತ್ತು ಗೊತ್ತಾಗಲ್ಲ. ನಾಳೆ?"

"ನಾಳೆ ಬ್ಯಾರೇವ್ರು ಬತ್ತಾರೆ."

"ಲೇ, ಬಸ್ಸಿಗೆ ದಿನಾ ಬರೋರು ಅವ್ರೇ ಕಣ್ಲಾ!" ಎಂದು ಹಿಂದಿನ ಸಾಲಿನಿಂದ ಇನ್ನೊಬ್ಬ. ಮೇಡಂ ತೀರ್ಪು ಕೊಡುತ್ತಿರಲಿಲ್ಲ. ಮಕ್ಕಳು ಮೋಸ ಮಾಡು ಎಂದು ತೀರ್ಮಾನಿಸಿದರೆ ಸಾಕಮ್ಮ ಮೋಸ ಮಾಡುತ್ತಿದ್ದಳು, ಮಾರನೆಯ ದಿನದ ಕತೆಯಲ್ಲಿ ಅದರ ಫಲವನ್ನೂ ಉಣ್ಣುತ್ತಿದ್ದಳು. ಅಧಿಕಾರಿಗಳು ತಪಾಸಣೆಗೆ ಬಂದಾಗ, ಇದು ಯಾವ ಪಾಠ ಎಂದು ಕೇಳಿದರೆ, "ಗಣಿತ ಸಾರ್" ಎನ್ನುತ್ತಿದ್ದರು. ಸುಳ್ಳೂ ಅಲ್ಲ.

ಒಮ್ಮೆ ಮಕ್ಕಳನ್ನು ಕರಿಘಟ್ಟಕ್ಕೆ ಕರೆದುಕೊಂಡು ಹೋಗಿದ್ದೆವು. ಎಲ್ಲರ ಕೈಯಲ್ಲೂ ಇಪ್ಪತ್ತು ರೂಪಾಯಿ ಇರಲಿ, ಅದಕ್ಕಿಂತ ಹೆಚ್ಚು ಬೇಡ ಎಂದು ಮೇಡಂ ಮೊದಲೇ ಹೇಳಿದ್ದರು. ಬೆಟ್ಟ ಹತ್ತಿ ದೇವರ ದರ್ಶನ ಮಾಡಿ, ಮೇಲಿಂದ ಹೊಳೆ ನೋಡಿ ಕೆಳಗಿಳಿಯುವಷ್ಟರಲ್ಲಿ ಬಿಸಿಲು ಏರಿತ್ತು. ಮಕ್ಕಳು ಐಸ್‌ಕ್ಯಾಂಡಿ, ಬಲೂನು ಎಂದು ಎಲ್ಲ ಖರ್ಚು ಮಾಡಿದರು. ಪವಿತ್ರ ಎಂಬ ಹುಡುಗಿ ಮಾತ್ರ ನೋಟು ಮಡಿಸಿ ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದಳು. ಅವಳ ತಾಯಿ ಜಯಮ್ಮ ಕಬ್ಬಿನ ಗದ್ದೆಗಳಿಗೆ ಕೂಲಿಗೆ ಹೋಗುವವಳು. ಪವಿತ್ರ ಬಂದು, "ಮಿಸ್, ನಾನು ಎಲ್ಲಾನೂ ಉಳಿಸ್ದೆ" ಅಂದಳು. ಹೊಗಳುತ್ತಾರೆ ಎಂದು ಕಾದಳು.

"ಬಾಯಾರಿಕೆ ಆಗ್ಲಿಲ್ವಾ?"

"ಆಯ್ತು."

"ಮತ್ತೆ?"

"ಉಳಿಸ್ದೆ."

ಮೇಡಂ ಅವಳ ತುಟಿ ನೋಡಿದರು. ಒಣಗಿ ಬಿಳಿಚಿಕೊಂಡಿತ್ತು. "ಉಳಿಸೋದು ಅಂದ್ರೆ ಒಣಗೋದಲ್ಲ ಕಣೆ. ಹೋಗು, ಒಂದು ಸೌತೆಕಾಯಿ ತಗೊಂಡು ತಿನ್ನು. ಉಪ್ಪು ಖಾರ ಹಾಕಿಸ್ಕೊ" ಎಂದರು. ಹುಡುಗಿ ಮುಖ ಚಿಕ್ಕದು ಮಾಡಿಕೊಂಡು ಹೋದಳು. ತಿನ್ನುತ್ತಾ ಬಂದಾಗ ಮುಖ ಸರಿಹೋಗಿತ್ತು.

ಹೀಗೆ ಮಕ್ಕಳಿಗೆ ಹೇಳುತ್ತಿದ್ದವರ ಬದುಕಿನಲ್ಲಿ ನಡೆದದ್ದು ಇದು.

ಪಾಂಡವಪುರದಲ್ಲಿ ಮನೆಮನೆಗೆ ಸೀರೆ ಮಾರುತ್ತಿದ್ದ ಒಬ್ಬ ಹೆಂಗಸು ಇದ್ದಳು. ಸೀರೆಯ ಜೊತೆಗೆ ಚೀಟಿಯನ್ನೂ ನಡೆಸುತ್ತಿದ್ದಳು. ತಿಂಗಳು ತಿಂಗಳು ಎಲ್ಲರೂ ಕಟ್ಟುವುದು, ಸರದಿ ಬಂದವರು ಎತ್ತಿಕೊಳ್ಳುವುದು. ನಮ್ಮ ಶಾಲೆಗೂ ಬರುತ್ತಿದ್ದಳು. ಬಹಳ ವರ್ಷಗಳಿಂದ ಒಬ್ಬರಿಗೂ ತೊಂದರೆ ಕೊಟ್ಟವಳಲ್ಲ. ಮೇಡಂ ಅವಳಲ್ಲಿ ಚೀಟಿ ಹಾಕಿದ್ದರು. ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಹತ್ತಿರ ಒಂದು ಸಣ್ಣ ಮನೆ ಮಾಡಿಕೊಳ್ಳಬೇಕೆಂಬುದು ಅವರ ಆಸೆ. ಅದಕ್ಕಾಗಿ ಸರದಿ ಬಂದರೂ ಎತ್ತದೆ ಕೊನೆಯವರೆಗೆ ಬಿಟ್ಟಿದ್ದರು. ಕೊನೆಯಲ್ಲಿ ಎತ್ತಿದವರಿಗೆ ಹೆಚ್ಚು ಸಿಗುತ್ತದೆ.

ಒಂದು ಸೋಮವಾರ ಆ ಹೆಂಗಸಿನ ಮನೆಗೆ ಬೀಗ ಬಿದ್ದಿತ್ತು. ಫೋನು ಆಫ್. ಅಕ್ಕಪಕ್ಕದವರಿಗೆ ಏನೂ ಗೊತ್ತಿಲ್ಲ.

ಸ್ಟಾಫ್ ರೂಮಿನಲ್ಲಿ ಮೇಡಂ ನನಗೆ ಅಷ್ಟನ್ನು ಮಾತ್ರ ಹೇಳಿದರು. ಹೇಳಿ ತರಗತಿಗೆ ಹೋದರು. ಅವತ್ತು ಮುದ್ದೆಯ ಡಬ್ಬಿ ತೆರೆಯಲಿಲ್ಲ. ದುಡ್ಡು ಹೋದದ್ದು ಒಂದು ನೋವು. ಅದಕ್ಕಿಂತ ದೊಡ್ಡದು ಬೇರೆ ಇದೆ ಎಂದು ಆಮೇಲೆ ಗೊತ್ತಾಯಿತು. ಊರಿನ ಎಷ್ಟೋ ಹೆಂಗಸರೂ ಅದೇ ಚೀಟಿ ಹಾಕಿದ್ದರು. ಹಾಲಿನ ದುಡ್ಡಲ್ಲಿ, ಕೂಲಿಯಲ್ಲಿ ಮಿಗಿಸಿ, ಹೆಚ್ಚಿನವರು ಗಂಡಂದಿರಿಗೆ ಗೊತ್ತಾಗದ ಹಾಗೆ. ಯಾಕೆ ನಂಬಿದಿರಿ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಮೇಡಮ್ಮೋರೇ ಕಟ್ತಾವ್ರೆ ಅಂದ್ಮೇಲೆ ಇನ್ನೇನು ಅಂತ."

"ನಾನು ಯಾರಿಗೂ ಕಟ್ಟಿ ಅಂತ ಹೇಳಿಲ್ಲ" ಎಂದರು ಮೇಡಂ ನನ್ನ ಹತ್ತಿರ. "ಕಟ್ಟಬೇಡಿ ಅಂತಲೂ ಹೇಳಿಲ್ಲ" ಎಂದು ಸೇರಿಸಿದರು.

ಆಮೇಲಿನ ದಿನಗಳಲ್ಲಿ ಸಾಕಮ್ಮ ತರಗತಿಗೆ ಬರಲಿಲ್ಲ. ಮಧ್ಯಾಹ್ನ ಮಕ್ಕಳು ಕಾದು ಕೂತರೆ ಮೇಡಂ ಮಗ್ಗಿ ಹೇಳಿಸುತ್ತಿದ್ದರು. ಊರಿನಲ್ಲೂ ಅಷ್ಟೇ, ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಡೈರಿಯ ಸಾಲಿನಲ್ಲಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುವುದು, ಸುಮ್ಮನಾಗುವುದು. ದೂರು ಕೊಡಬೇಕು ಎಂದರೆ ಹೆಸರು ಹೇಳಬೇಕು. ಹೆಸರು ಹೇಳಿದರೆ ಮನೆಯಲ್ಲಿ ಗೊತ್ತಾಗುತ್ತದೆ.

ಕೊನೆಗೆ ಒಂದು ಮಧ್ಯಾಹ್ನ ಮಕ್ಕಳು ಹಟ ಹಿಡಿದರು. "ಮಿಸ್, ಸಾಕಮ್ಮ ಎಲ್ಲೋದ್ಲು? ಗಾಡಿ ತಕಂಡ್ಲಾ?"

ಪಕ್ಕದ ತರಗತಿಯಲ್ಲಿದ್ದ ನನಗೆ ಮೇಡಂ ದನಿ ಕೇಳಿಸಿತು. ಎದ್ದು ಬಾಗಿಲಿಗೆ ಬಂದೆ. ಅವರು ಕುರ್ಚಿಯಲ್ಲಿ ಕೂತಿದ್ದರು. ಕತೆ ಹೇಳುವಾಗ ಎಂದೂ ಕೂತವರಲ್ಲ.

"ಸಾಕಮ್ಮ ಗಾಡಿಗೆ ಅಂತ ಕೂಡಿಟ್ಟಿದ್ದಳಲ್ಲ, ಅದನ್ನ ಒಬ್ಬಳ ಕೈಗೆ ಕೊಟ್ಟಳು. ಇಟ್ಟುಕೊಂಡಿರು, ಹೆಚ್ಚು ಮಾಡಿ ಕೊಡು ಅಂತ. ಅವಳು ಬೀಗ ಹಾಕ್ಕೊಂಡು ಹೊರಟು ಹೋದಳು."

ಮಕ್ಕಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎಲ್ಲರಿಗೂ ಸಿಟ್ಟು.

"ಎಲ್ಲಾನೂ ಕೊಟ್ಬುಟ್ಲಾ?" ಎಂದು ಕೇಳಿದ ಮನು.

"ಎಲ್ಲಾನೂ."

"ಒಂದ್ಚೂರೂ ಮನೇಲಿ ಇಟ್ಕಂಡಿಲ್ವಾ?"

"ಇಲ್ಲ."

"ಸಾಕಮ್ಮ ದಡ್ಡಿ ಮಿಸ್!"

ಪವಿತ್ರ ಎದ್ದು ನಿಂತಳು. ಮನೆಯಲ್ಲಿ ತಾಯಿ ಗುಟ್ಟಾಗಿ ಅತ್ತದ್ದನ್ನು ಅವಳು ನೋಡಿದ್ದಿರಬೇಕು. ಮೆಲ್ಲಗೆ ಕೇಳಿದಳು: "ಮಿಸ್, ಅದು ನಿಮ್ ದುಡ್ಡಾ?"

ಬೇರೆ ಟೀಚರ್ ಯಾರಾದರೂ ಆಗಿದ್ದರೆ ಕೂರು ಎಂದು ಗದರಿಸುತ್ತಿದ್ದರು. ಮೇಡಂ ಆ ಹುಡುಗಿಯನ್ನೇ ನೋಡುತ್ತಾ, "ಹೂಂ. ನಂದೇ" ಎಂದರು.

ಮನು ತಲೆ ತಗ್ಗಿಸಿದ. ದಡ್ಡಿ ಎಂದದ್ದು ಯಾರಿಗೆ ಎಂದು ಅವನಿಗೆ ಹೊಳೆದಿತ್ತು.

"ನೀನು ಹೇಳಿದ್ದು ಸರಿಯಾಗೇ ಇದೆ ಕಣೋ. ಎಲ್ಲಾನೂ ಒಂದೇ ಕೈಗೆ ಕೊಡಬಾರದಾಗಿತ್ತು" ಎಂದು ಮೇಡಂ ಎದ್ದು ನಿಂತರು. "ಈಗ ಹೇಳಿ. ಸಾಕಮ್ಮ ಏನು ಮಾಡ್ಬೇಕು?"

ಪೊಲೀಸಿಗೆ ಹೇಳಲಿ ಎಂದರು ಕೆಲವರು. ಅವಳ ಮನೆ ಬೀಗ ಒಡೆಯಲಿ ಎಂದ ಒಬ್ಬ. ಪವಿತ್ರ, "ಇನ್ಯಾರ್ ಯಾರ್ ಕೊಟ್ಟವ್ರೋ ಅವ್ರ್ನೆಲ್ಲ ಕರ್ಕಂಡೋಗ್ಲಿ ಮಿಸ್. ಒಬ್ಳೇ ಹೋದ್ರೆ ಪೊಲೀಸ್ನೋರು ಬೈತಾರೆ" ಅಂದಳು.

ಮೂರನೇ ತರಗತಿಯ ಮಕ್ಕಳ ಬಾಯಲ್ಲಿ ಮಾತು ನಿಲ್ಲುತ್ತದೆಯೇ? ಸಂಜೆಯ ಹೊತ್ತಿಗೆ ಪ್ರತಿ ಮನೆಯಲ್ಲೂ ಅದೇ ಸುದ್ದಿ: ನಮ್ ಮಿಸ್ಸೂ ಕಳ್ಕಂಡವ್ರೆ, ಅವರೇ ಹೇಳಿದ್ರು. ಮೇಡಮ್ಮನೇ ನಾಚಿಕೆಪಡದೆ ಹೇಳಿದರು ಎಂದ ಮೇಲೆ ಹೆಂಗಸರೂ ಬಾಯಿ ಬಿಟ್ಟರು. ಕೆಲವು ಮನೆಗಳಲ್ಲಿ ಜಗಳವೂ ಆಯಿತು. ಅಧ್ಯಕ್ಷರ ಮನೆಯಲ್ಲೂ ಆಯಿತು, ಅವರ ಹೆಂಡತಿಯೂ ಹಾಲಿನ ದುಡ್ಡು ಕಟ್ಟಿದ್ದರು. ಮಾರನೆಯ ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಹೆಂಗಸರ ಗುಂಪು ನಿಂತಿತ್ತು. ಜಯಮ್ಮ ಕೂಲಿಗೆ ಹೋಗುವ ಬಟ್ಟೆಯಲ್ಲೇ ಬಂದಿದ್ದಳು. ಮೇಡಂ ಅರ್ಧ ದಿನ ರಜೆ ಬರೆದುಕೊಟ್ಟು, ಅವರೆಲ್ಲರ ಜೊತೆ ಪೊಲೀಸರಿಗೆ ದೂರು ಕೊಡಲು ಪಾಂಡವಪುರಕ್ಕೆ ಬಸ್ಸು ಹತ್ತಿದರು.

ಮುಂದಿನದು ನಿಧಾನವಾಗಿ ನಡೆಯಿತು. ಸೀರೆಯವಳು ನಾಗಮಂಗಲದ ಹತ್ತಿರ ಒಬ್ಬ ನೆಂಟರ ಮನೆಯಲ್ಲಿ ಸಿಕ್ಕಳು. ದುಡ್ಡೆಲ್ಲ ಯಾರಿಗೋ ಬಡ್ಡಿಗೆ ಕೊಟ್ಟು ಮುಳುಗಿಸಿಕೊಂಡಿದ್ದಳು. ಉಳಿದದ್ದು ಅವಳ ಹೆಸರಿನ ಒಂದು ಸೈಟು. ಅದನ್ನು ಮಾರಿಸಿ, ಬಂದದ್ದನ್ನು ಅವರವರು ಕಟ್ಟಿದ ಪ್ರಕಾರ ಹಂಚುವುದು ಎಂದು ಮಾತಾಯಿತು. ರೂಪಾಯಿಗೆ ನಾಲ್ಕಾಣೆಯಷ್ಟು ಬರುತ್ತಿತ್ತು.

ಹಂಚಿಕೆ ನಡೆದದ್ದು ಒಂದು ಭಾನುವಾರ, ನಮ್ಮ ಶಾಲೆಯ ಜಗಲಿಯಲ್ಲೇ. ಅಧ್ಯಕ್ಷರ ಮುಂದಾಳತ್ವ. ಮೇಡಂ ನನ್ನನ್ನೂ ಬರಹೇಳಿದ್ದರು. ಶುರುವಾಗುವ ಮೊದಲೇ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

"ಮೇಡಂ, ತಪ್ಪು ತಿಳ್ಕಬೇಡಿ. ನಿಮ್ಗೆ ಸರ್ಕಾರದ ಸಂಬಳ ಬತ್ತದೆ, ನಾಳೆ ಪಿಂಚಣೀನೂ ಬತ್ತದೆ. ಹಿಂದೆ ಮುಂದೆ ಯಾರೂ ಇಲ್ಲ. ಈ ಹೆಣ್ಣುಮಕ್ಕಳು ನಿಮ್ಮುಖ ನೋಡ್ಕಂಡು ಕಟ್ಟಿದ್ದು. ನಿಮ್ ಪಾಲು ಇವ್ರಿಗೆ ಬುಟ್ಕೊಟ್ರೆ ದೊಡ್ ಮನಸ್ಸಾಯ್ತದೆ."

ಬೇಡ ಎಂದವರು ಯಾರೂ ಇಲ್ಲ. ಮೇಡಂ ಹೂಂ ಎನ್ನುತ್ತಾರೆ ಎಂದೇ ಎಲ್ಲರೂ ಅಂದುಕೊಂಡಿದ್ದರು, ನಾನೂ ಸಹ.

"ಇಲ್ಲ" ಎಂದರು ಮೇಡಂ. "ನಂದೂ ದುಡಿದ ದುಡ್ಡೇ. ನನ್ನ ಪಾಲು ನಂಗೆ ಬರಬೇಕು."

"ಅಲ್ಲ ಮೇಡಂ, ಊರೋರು ಏನಂತಾರೆ..."

"ಅಂದುಕೊಳ್ಳಲಿ. ಎಲ್ಲರ ಹೆಸರೂ ಕರೀರಿ, ನನ್ನ ಹೆಸರು ಬಂದಾಗ ನನ್ನೂ ಕರೀರಿ."

ಹಾಗೆಯೇ ಆಯಿತು. ಹೆಸರು ಕರೆದಾಗ ಮೇಡಂ ಎದ್ದು ಬಂದು, ನೋಟುಗಳನ್ನು ಎಲ್ಲರೆದುರು ಎಣಿಸಿ, ಸಹಿ ಹಾಕಿ, ಬ್ಯಾಗಿಗೆ ಸೇರಿಸಿಕೊಂಡರು. ಜಗಲಿಯಿಂದ ಇಳಿಯುವಾಗ ಯಾರೋ ಹೆಂಗಸು ಎಲ್ಲರಿಗೂ ಕೇಳುವ ಹಾಗೆ, "ನ್ಯಾಯ ಎಲ್ಲ ಮಕ್ಕಳಿಗೆ ಹೇಳೋ ಕತೇಲಿ ಮಾತ್ರ" ಅಂದಳು. ಮೇಡಂ ಕೇಳಿಸಿಕೊಂಡರು, ತಿರುಗಿ ನೋಡಲಿಲ್ಲ.

ಆಮೇಲೆ ಸುಮಾರು ದಿನ ಊರು ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಬಸ್ಸಿಗೆ ಕಾಯುವಾಗ ನಮಸ್ಕಾರ ಮೇಡಂ ಎನ್ನುತ್ತಿದ್ದವರು ಮೊಬೈಲು ನೋಡುತ್ತಾ ನಿಲ್ಲುತ್ತಿದ್ದರು. ಮೇಡಂ ಪಾಠ ಎಂದಿನಂತೆ ನಡೆಸಿದರು. ಸಾಕಮ್ಮ ಮತ್ತೆ ಬುಟ್ಟಿ ಹೊತ್ತು ಬಸ್ ಸ್ಟ್ಯಾಂಡಿಗೆ ಹೋಗತೊಡಗಿದಳು. ಆ ವರ್ಷ ಅವಳಿಗೆ ತಳ್ಳುಗಾಡಿ ಆಗಲಿಲ್ಲ. ಮೇಡಂ ಬಂದ ದುಡ್ಡಿನಲ್ಲಿ ಒಂದು ಒಳ್ಳೆಯ ಮಂಚ, ಹಾಸಿಗೆ ಕೊಂಡರು. ಬೆನ್ನುನೋವು ಇತ್ತು. ಮಿಕ್ಕದ್ದನ್ನು ಅಂಚೆ ಕಚೇರಿಯಲ್ಲಿ ಇಟ್ಟರು. ಮಕ್ಕಳು ಕೇಳಿದಾಗ ಅದನ್ನೂ ಮುಚ್ಚಿಡದೆ ಹೇಳಿದರು. ಹೊಳೆಯ ಹತ್ತಿರದ ಮನೆಯ ಮಾತು ಮತ್ತೆಂದೂ ಎತ್ತಲಿಲ್ಲ. ಬೇಸರವಾಗಿತ್ತೇ ಎಂದರೆ, ಆಗಿತ್ತು. ಸ್ಟಾಫ್ ರೂಮಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂರುವುದು ಹೆಚ್ಚಾಯಿತು. ನಾನು ಏನಾದರೂ ಕೇಳಿದರೆ, "ಏನಿಲ್ಲಮ್ಮ" ಅಷ್ಟೇ.

ಒಂದು ಸಂಜೆ ಶಾಲೆ ಬಿಟ್ಟು ಇಬ್ಬರೂ ಪಾಂಡವಪುರದ ಬಸ್ಸಿನಲ್ಲಿ ಕೂತಿದ್ದೆವು. ನಾನು ಕಿಟಕಿಗೆ, ಅವರು ನಡುವೆ, ಪಕ್ಕದ ಜಾಗ ಖಾಲಿ. ಊರಿನವರು ಹತ್ತಿದರು, ಅಲ್ಲಿ ಕೂರದೆ ಹಿಂದಕ್ಕೆ ಹೋದರು. ಕೊನೆಗೆ ಜಯಮ್ಮ ಹತ್ತಿದಳು. ಬಂದವಳೇ, "ಸರ್ಕಳಿ ಮೇಡಂ" ಎಂದು ಪಕ್ಕದಲ್ಲಿ ಕೂತಳು. ಬಸ್ಸು ಹೊರಟು, ಕಬ್ಬಿನ ಲೋಡಿನ ಟ್ರಾಕ್ಟರಿನ ಹಿಂದೆ ಸಿಕ್ಕಿಕೊಂಡು ತೆವಳತೊಡಗಿತು. ಜಯಮ್ಮ ಮಾತು ತೆಗೆದಳು.

"ಅವತ್ತು ನೀವು ತಕಂಡ್ರಲ್ಲ ಮೇಡಂ, ಒಳ್ಳೇದ್ ಮಾಡುದ್ರಿ."

"ಊರೆಲ್ಲ ಬಯ್ತಾ ಇದೆ. ನೀನೊಬ್ಬಳು ಒಳ್ಳೇದು ಅಂತೀಯ."

"ಬಯ್ಲಿ ಬುಡಿ. ನೀವು ನಿಮ್ದು ಬುಟ್ಕೊಟ್ಟಿದ್ರೆ, ಆಮೇಕೆ ನನ್ ಕಡೆ ತಿರುಗೋರು. ಜಯಮ್ಮಂದು ಚೂರು ತಾನೆ, ಅವ್ಳೂ ಬುಟ್ಕೊಡ್ಲಿ, ಮೇಡಮ್ಮೋರೇ ಬುಟ್ಟವ್ರೆ ಅನ್ನೋರು. ನಂಗೆ ಇಲ್ಲ ಅನ್ನಾಕೆ ಬಾಯಿ ಎಲ್ಲದೆ? ನೀವು ಎಣಿಸ್ಕಂಡ್ರಿ, ನಾನೂ ಎಣಿಸ್ಕಂಡೆ."

ಹೀಗೆ ಯೋಚಿಸಿ ಮೇಡಂ ತಮ್ಮ ಪಾಲು ಕೇಳಿದ್ದರೋ, ಅಥವಾ ಅದು ತಮ್ಮ ದುಡ್ಡು ಎಂಬ ಕಾರಣಕ್ಕಷ್ಟೇ ಕೇಳಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೇಳಲೂ ಇಲ್ಲ. ಬಸ್ಸು ಟ್ರಾಕ್ಟರನ್ನು ದಾಟಿದ ಮೇಲೆ ಅವರು ಜಯಮ್ಮನ ಕಡೆ ತಿರುಗಿದರು.

"ಏನು ಮಾಡ್ದೆ ಆ ದುಡ್ಡು?"

"ಒಂದು ಆಡು ತಕಂಡೆ ಮೇಡಂ. ಪವಿತ್ರಂಗೆ ಅಂತ."

"ಹೆಣ್ಣಾ?"

"ಹೆಣ್ಣೇ. ಗಬ್ಬ ಅದೆ."

"ಅಯ್ಯೋ, ಅದನ್ನ ಮೊದಲು ಹೇಳೋದಲ್ವಾ!" ಎಂದು ಮೇಡಂ ಜೋರಾಗಿ ನಕ್ಕರು. ಹಿಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ. ಚೀಟಿ ಮುಳುಗಿದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಡಿಗೆ ಏನು ಹಾಕುತ್ತೀ, ಮಳೆಗಾಲಕ್ಕೆ ಎಲ್ಲಿ ಕಟ್ಟುತ್ತೀ, ಮೊದಲ ಸೂಲಿಗೆ ಎರಡು ಮರಿ ಹಾಕುತ್ತದೆಯೇ ಎಂದು ಪಾಂಡವಪುರ ಬರುವವರೆಗೂ ಕೇಳುತ್ತಲೇ ಇದ್ದರು. ಇಬ್ಬರೂ ಒಟ್ಟಿಗೇ ಬಸ್ಸಿನಿಂದ ಇಳಿದರು. ಇಳಿದ ಮೇಲೂ ಮಾತು ಮುಗಿದಿರಲಿಲ್ಲ.